ಒಂದೇ ಸಲ ದೀಪ ಕೊಡುವ ಮುದುಕ

ಮೆಹ್ರ್ ೧೪, ಶನಿವಾರ

ಯಜ್ದ್ ನಗರದ ಸಮಸ್ತ ನಾಗರಿಕರಿಗೂ, ಮರುಭೂಮಿಯಾಚೆಯ ಸಕಲ ದೇಶಗಳ ದೊರೆಗಳಿಗೂ ರಾಯಭಾರಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ನನ್ನ ಬಲಗೈಯ ನಡುಬೆರಳಿನಿಂದ ಬಾಣದ ಗುರುತಿದ್ದ ಒಂದು ಗುಂಡಿಯನ್ನು ಒತ್ತಿದೆ, ಮತ್ತು ಒಬ್ಬ ಮನುಷ್ಯ ಒಂದು ಹೆಜ್ಜೆ ಮುಂದೆ ಹೋದ.

ಸುದ್ದಿ ಇಷ್ಟೇ. ಆದರೆ ಬಲಗಾಲನ್ನು ಮೂರು ದಿಂಬುಗಳ ಮೇಲೇರಿಸಿಕೊಂಡು ಒಂಬತ್ತು ದಿನದಿಂದ ಕೂತವನ ಕೋಣೆಯಲ್ಲಿ ಯಾರೇ ಆಗಲಿ ಒಂದು ಹೆಜ್ಜೆ ಮುಂದೆ ಹೋದರೆ ಅದು ಚರಿತ್ರೆಯೇ.

ಈ ನೋಟುಬುಕ್ಕನ್ನು ಯಾರೂ ಓದುವುದಿಲ್ಲ. ಆದರೂ ಮೂವತ್ತೊಂದು ವರ್ಷ ವಾರಪತ್ರಿಕೆಯಲ್ಲಿ ಹಾಸ್ಯದ ಅಂಕಣ ಬರೆದ ಕೈ ಇದು. ಮುಂದೆ ಒಬ್ಬ ಓದುಗ ಕೂತಿದ್ದಾನೆ ಎಂದುಕೊಳ್ಳದೆ ಸಾಲು ಏಳುವುದಿಲ್ಲ. ಆದ್ದರಿಂದ, ಇಲ್ಲದ ಓದುಗರೇ, ಕಾಲು ಮುರಿದ ಕಥೆ ಕೇಳಿ. ರೊಟ್ಟಿ ಅಂಗಡಿಯ ಬಾಗಿಲಿಗೆ ನಾನೂ ನೆರೆಮನೆಯ ದೆಹ್ಕಾನ್ ಸಾಹೇಬರೂ ಒಟ್ಟಿಗೇ ಬಂದೆವು. "ತಾವು ಮೊದಲು" ಅಂದರು ಅವರು. "ಎಲ್ಲಾದರೂ ಉಂಟೇ, ತಾವು" ಅಂದೆ ನಾನು. "ನಿಮ್ಮ ಪಾದದ ಧೂಳು ನಾನು" ಅಂದರು. "ಆ ಧೂಳಿನ ನೆರಳು ನಾನು" ಅಂದೆ. ಏಳನೇ ಸುತ್ತಿಗೆ ಗೌರವ ಉಕ್ಕಿ ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಹಿಂದೆ ಮೂರು ಮೆಟ್ಟಿಲುಗಳಿದ್ದವು. ಮೂರನೆಯದರ ಕಲ್ಲು ಸಡಿಲವಿತ್ತು. ಕೆಳಗೆ ಬಿದ್ದರೂ ನಾನೇ ಗೆದ್ದೆ. ದೆಹ್ಕಾನ್ ಸಾಹೇಬರೇ ಮೊದಲು ಒಳಗೆ ಹೋಗಬೇಕಾಯಿತು, ಆಂಬುಲೆನ್ಸಿಗೆ ಫೋನ್ ಮಾಡಲು.

ಅಂದಿನಿಂದ ಅವರು ಪಾಪಪ್ರಜ್ಞೆಯಿಂದ ನೀಲಿ ಬಟ್ಟಲಿನಲ್ಲಿ ಶೂಲಿ ಗಂಜಿ ಕಳಿಸುತ್ತಾರೆ. ಬಟ್ಟಲನ್ನು ಖಾಲಿ ಹಿಂದಿರುಗಿಸುವುದು ಹೇಗೆ? ನನ್ನ ಹೆಂಡತಿ ಫಖ್ರಿ ದಾಳಿಂಬೆ ತುಂಬಿ ಕಳಿಸುತ್ತಾಳೆ. ಖಾಲಿ ಇಟ್ಟುಕೊಳ್ಳುವುದು ಹೇಗೆ? ಅವರು ಮತ್ತೆ ಗಂಜಿ ತುಂಬುತ್ತಾರೆ. ಈ ಯುದ್ಧದಲ್ಲಿ ಇಬ್ಬರಲ್ಲಿ ಒಬ್ಬರು ಸಾಯುವವರೆಗೆ ಶಾಂತಿ ಒಪ್ಪಂದ ಇಲ್ಲ.

ಗುಂಡಿಯ ವಿಷಯಕ್ಕೆ ಬರುತ್ತೇನೆ. ಲ್ಯಾಪ್‌ಟಾಪನ್ನು ತಂದವಳು ಶೊಕೂಫೆ, ಒಬ್ಬ ವ್ಯಕ್ತಿಯ ಮಗಳು. ಆ ವ್ಯಕ್ತಿ ನನ್ನ ಅಣ್ಣ ಎಂಬುದು ಜನನ ದಾಖಲೆಯ ಮಟ್ಟಿಗಿನ ವಿಷಯ. ಹನ್ನೊಂದು ವರ್ಷದಿಂದ ನಮ್ಮ ನಡುವೆ ಮಾತಿಲ್ಲ. ಅವನ ಹೆಸರನ್ನು ಈ ಪುಟಗಳಲ್ಲಿ ಬರೆಯಬಾರದೆಂದು ತೀರ್ಮಾನಿಸಿದ್ದೇನೆ. ಮಗಳ ಮೇಲೆ ನನಗೇನೂ ಸಿಟ್ಟಿಲ್ಲ; ಅವಳಿಗೆ ನಾನು ಇನ್ನೂ ಅಮೂ, ಚಿಕ್ಕಪ್ಪ.

"ಇದು ಆಟ, ಅಮೂ ಜಾನ್. ನಾನೂ ಇಬ್ಬರು ಗೆಳತೀರೂ ಸೇರಿ ಮಾಡಿದ್ದು. ಒಂದೂವರೆ ಗಂಟೇಲಿ ಮುಗಿಯುತ್ತೆ."

"ಯಾರನ್ನ ಕೊಲ್ಲಬೇಕು?"

"ಯಾರನ್ನೂ ಇಲ್ಲ. ನಡೀಬೇಕು, ನೋಡಬೇಕು. ಅಲ್ಲಲ್ಲಿ ಒಗಟು ಇರುತ್ತೆ, ಬಿಡಿಸಬೇಕು."

"ಗೆದ್ದದ್ದು ಹೇಗೆ ಗೊತ್ತಾಗುತ್ತೆ?"

"ನೀರು ಮೇಲೆ ಬರುತ್ತೆ."

"ನನಗೇ ಯಾಕಮ್ಮ ತಂದೆ?"

"ಕಾಲು ಮುರ್ಕೊಂಡು ಬಿಡುವಾಗಿ ಕೂತಿರೋ ಬೇರೆ ಯಾರೂ ನಮ್ಮ ವಂಶದಲ್ಲಿಲ್ಲ."

ಅವರಪ್ಪನ ನಾಲಿಗೆ. ಒಂದು ಮಾತಿಗೆ ಒಂದೇ ಮಾತು, ಅಂಚಿಗೆ ಕಸೂತಿ ಇಲ್ಲ.

ಮೆಹ್ರ್ ೧೫, ಭಾನುವಾರ

ಇಳಿದೆ.

ಆಟ ಮರುಭೂಮಿಯಲ್ಲಿ ಶುರುವಾಗುತ್ತದೆ. ಮಣ್ಣಿನ ಗುಡ್ಡೆಗಳು ಸಾಲಾಗಿ, ನೆಲಕ್ಕೆ ಹೊಲಿಗೆ ಹಾಕಿದಂತೆ. ಪ್ರತಿ ಗುಡ್ಡೆಯ ನಡುವೆ ಒಂದು ಬಾವಿಯ ಬಾಯಿ. ಅಂದರೆ ಕೆಳಗೆ ಕನಾತ್, ಬೆಟ್ಟದ ಬುಡದಿಂದ ಊರಿಗೆ ನೀರು ತರುವ ಸುರಂಗ. ಬಿಳಿ ಬಟ್ಟೆಯ ಮನುಷ್ಯ ಹಗ್ಗ ಹಿಡಿದು ಇಳಿಯುತ್ತಾನೆ. ಸುರಂಗ ತೋಡುವವರು ಬಿಳಿಯನ್ನೇ ಉಡುತ್ತಾರೆ; ಕತ್ತಲಲ್ಲಿ ಒಬ್ಬರಿಗೊಬ್ಬರು ಕಾಣಲಿ ಎಂದು, ಮತ್ತು ಮಣ್ಣು ಕುಸಿದರೆ ಶವವಸ್ತ್ರಕ್ಕೆ ಬೇರೆ ಖರ್ಚು ಬೇಡ ಎಂದು. ನನ್ನ ಅಪ್ಪ ಉಸ್ತಾದ್ ಯದೊಲ್ಲಾ ಐವತ್ತು ವರ್ಷ ಅದನ್ನೇ ಉಟ್ಟರು.

ತಲೆಯ ಮೇಲಿನ ಬೆಳಕು ತಟ್ಟೆಯಾಯಿತು, ಬಟ್ಟಲಾಯಿತು, ನಾಣ್ಯವಾಯಿತು. ಆಮೇಲೆ ಒಂದು ನಕ್ಷತ್ರ. ಆಮೇಲೆ ಕತ್ತಲೆ, ಮತ್ತು ಆ ಕತ್ತಲೆಯಲ್ಲಿ ಎಲ್ಲೋ ದೂರದಲ್ಲಿ ನೀರು, ಯಾರೋ ನಿದ್ದೆಯಲ್ಲಿ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವಂತೆ.

ಮಾತಿಲ್ಲ, ಸಂಗೀತವಿಲ್ಲ. ಅವನು ಚಿಕ್ಕ ಎಣ್ಣೆದೀಪ ಹಚ್ಚಿದ. ಎರಡು ಮೊಳ ಜಗತ್ತು ಹುಟ್ಟಿತು. ನಾನು ಅದರ ಅಂಚಿನವರೆಗೆ ಹೋದೆ, ಮತ್ತೆರಡು ಮೊಳ ಹುಟ್ಟಿತು.

ಫಖ್ರಿ ಚಹಾ ತಂದವಳು ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ಎಷ್ಟು ಹೊತ್ತೋ. ಕೊನೆಗೆ ಶಾಲನ್ನು ಹೆಗಲ ಸುತ್ತ ಎಳೆದುಕೊಂಡು, "ಅಲ್ಲಿ ಥಂಡಿ ಇದೆ ಅಲ್ವಾ" ಅಂದಳು.

ಚಹಾ ಆರಿಹೋಗಿತ್ತು. ಕುಡಿದೆ.

ಮೆಹ್ರ್ ೧೭, ಮಂಗಳವಾರ

ವೈದ್ಯಕೀಯ ವರದಿ: ಕಾಲು ಚೆನ್ನಾಗಿ ತುರಿಸುತ್ತಿದೆ. ಫಖ್ರಿಯ ಹೆಣಿಗೆ ಕಡ್ಡಿಯನ್ನು ಕಟ್ಟಿನೊಳಗೆ ತೂರಿಸಿ ಕೆರೆದುಕೊಂಡೆ. ಸಿಕ್ಕಿಬಿದ್ದೆ.

"ರೀ, ಅದರಲ್ಲಿ ನಾನು ಮೊಮ್ಮಗುವಿಗೆ ಟೋಪಿ ಹೆಣೀತಿದ್ದೀನಿ."

"ಕಾಲಿಗೂ ಒಂದು ಟೋಪಿ ಹೆಣಿ."

"ಮೊದಲು ನಿಮ್ಮ ಬಾಯಿಗೆ ಹೆಣೀತೀನಿ."

ಈಗ ಮುಖ್ಯ ವಿಷಯ. ಸುರಂಗದಲ್ಲಿ ಇವತ್ತು ಗೋಡೆಗೆ ದೀಪ ಹಿಡಿದೆ. ಪಿಕಾಸಿಯ ಗುರುತುಗಳು, ಸಾವಿರಾರು. ಎಲ್ಲ ಗುರುತುಗಳೂ ಎಡದಿಂದ ಬಲಕ್ಕೆ ಇಳಿಜಾರಾಗಿವೆ, ಮಳೆ ಗಾಳಿಗೆ ಓರೆಯಾಗುವಂತೆ. ಬಲಗೈಯವನು ಹಾಗೆ ಕೊರೆಯಲಾರ. ನಾನು ಕಂಡ ಸುರಂಗದವರಲ್ಲಿ ಎಡಗೈಯಲ್ಲಿ ಪಿಕಾಸಿ ಹಿಡಿಯುತ್ತಿದ್ದವರು ಒಬ್ಬರೇ.

ಶೊಕೂಫೆಗೆ ಫೋನ್ ಮಾಡಿದೆ. "ಗೋಡೆ ಎಲ್ಲಿಂದ ತಂದೆ?"

"ನಿಜವಾದದ್ದೇ, ಅಮೂ. ಬಾಬಾ ನನ್ನ ಕೆಳಗೆ ಕರ್ಕೊಂಡು ಹೋಗಿದ್ರು, ಅವರಿಗೆ ಇನ್ನೂ ಉಸಿರಿದ್ದಾಗ. ನಾಲ್ಕು ಸಾವಿರ ಫೋಟೋ ತೆಗೆದು ಅಂಟಿಸಿದ್ದೀವಿ."

ಅಂದರೆ ಆ ಗೋಡೆ ನನ್ನ ಅಪ್ಪನ ಅಕ್ಷರ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಮಗ ಮೂವತ್ತೊಂದು ವರ್ಷ ಬರೆದದ್ದೆಲ್ಲ ಶುಕ್ರವಾರ ಬೆಳಿಗ್ಗೆ ಓದಿಸಿಕೊಂಡು ಮಧ್ಯಾಹ್ನಕ್ಕೆ ಹಣ್ಣಿನ ಸಿಪ್ಪೆ ಸುತ್ತುವ ಕಾಗದ. ಅವರು ಬರೆದದ್ದರ ಮೇಲೆ ಊರಿನ ನೀರು ಹರಿಯುತ್ತದೆ.

ಪರದೆಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದೆ. ಗಾಜು ಬೆಚ್ಚಗಿತ್ತು.

ತನ್ನ ಬಾಬಾನ, ಅಂದರೆ ಅವಳಪ್ಪನ ಬಗ್ಗೆ "ಇನ್ನೂ ಉಸಿರಿದ್ದಾಗ" ಅಂದಳಲ್ಲ, ಅದೇನೆಂದು ನಾನು ಕೇಳಲಿಲ್ಲ.

ಮೆಹ್ರ್ ೧೮, ಬುಧವಾರ

ಸುರಂಗ ಎರಡಾಗಿ ಒಡೆಯುವಲ್ಲಿ ಒಬ್ಬ ಮುದುಕ ಕೂತಿದ್ದಾನೆ. ಅವನ ಮುಂದೆ ಒಂದು ದೀಪ. ನಾನು ಹತ್ತಿರ ಹೋದದ್ದೇ ಅವನು ಅದನ್ನೆತ್ತಿ ಎರಡೂ ಕೈಯಿಂದ ನನ್ನತ್ತ ಚಾಚಿದ. ಪರದೆಯ ಮೇಲೆ ಎರಡು ಚಿತ್ರ ಮೂಡಿದವು: ತೆರೆದ ಅಂಗೈ, ಮತ್ತು ಎದೆಯ ಮೇಲಿಟ್ಟ ಕೈ.

ಒಳ್ಳೆಯ ಮನೆತನದಲ್ಲಿ ಹುಟ್ಟಿದ ಯಾವ ಯಜ್ದಿಯಾದರೂ ಮಾಡುವುದನ್ನೇ ಮಾಡಿದೆ. ಎದೆಯ ಮೇಲಿನ ಕೈ ಒತ್ತಿದೆ. ಬೇಡ ಸ್ವಾಮಿ, ತಮ್ಮಲ್ಲೇ ಇರಲಿ, ನಾನು ಅಯೋಗ್ಯ.

ಮುದುಕ ದೀಪವನ್ನು ಹಿಂದಕ್ಕೆ ತೆಗೆದುಕೊಂಡು ಪಕ್ಕಕ್ಕಿಟ್ಟುಕೊಂಡ.

ಎರಡನೇ ಸಲ ಚಾಚಲಿ ಎಂದು ಕಾದೆ; ಮೂರನೇ ಸಲಕ್ಕೆ ಒಪ್ಪುವುದು ನಮ್ಮೂರ ಪದ್ಧತಿ. ಮೂವತ್ತೈದು ನಿಮಿಷ. ಒಂದು ಸುತ್ತು ಹೋಗಿ ಬಂದೆ. ಅವನ ಮುಂದೆ ಕೆಮ್ಮುವ ಗುಂಡಿ ಇದೆಯೇ ಎಂದು ಹುಡುಕಿದೆ. ಆ ದೀಪವಿಲ್ಲದೆ ಮುಂದೆ ಹೋದರೆ ಸುರಂಗ ಸುತ್ತಿ ಸುತ್ತಿ ಅವನ ಮುಂದಕ್ಕೇ ತಂದು ಬಿಡುತ್ತದೆ. ಅವನು ಕಣ್ಣೆತ್ತಿ ಸಹ ನೋಡುವುದಿಲ್ಲ.

ಇಂಥ ಒರಟು ಮುದುಕನನ್ನು ನಾನು ಒಬ್ಬನನ್ನೇ ಕಂಡಿರುವುದು.

ಮೆಹ್ರ್ ೧೯, ಗುರುವಾರ

ಮುದುಕ ಕೊಡಲಿಲ್ಲ.

ಮೆಹ್ರ್ ೨೦, ಶುಕ್ರವಾರ

ಕೊಡಲಿಲ್ಲ. ಗಂಜಿಗೆ ಉಪ್ಪು ಜಾಸ್ತಿ.

ಮೆಹ್ರ್ ೨೨, ಭಾನುವಾರ

ಶೊಕೂಫೆ ಬಂದಿದ್ದಳು. ಫಖ್ರಿ ಕಲ್ಲುಸಕ್ಕರೆ ಹಾಕಿ ಚಹಾ ಕೊಟ್ಟಳು. ನಾನು ದೂರು ಸಲ್ಲಿಸಿದೆ.

"ನಿನ್ನ ಆಟ ಕೆಟ್ಟಿದೆ. ಮುದುಕ ದೀಪ ಕೊಡೋದಿಲ್ಲ."

"ಕೊಟ್ಟಿರ್ತಾನೆ. ನೀವು ಬೇಡ ಅಂದಿರ್ತೀರಿ."

"ಅದು ಮರ್ಯಾದೆ. ಮತ್ತೆ ಕೇಳಬೇಕು ತಾನೆ ಅವನು?"

ಹುಡುಗಿ ಲೋಟ ಕೆಳಗಿಟ್ಟಳು. "ನಮ್ಮ ಆಟ ಆಡಿದ ಹದಿನಾಲ್ಕು ಯಜ್ದಿಗಳಲ್ಲಿ ಹನ್ನೊಂದು ಜನ ಅಲ್ಲೇ ಸಿಕ್ಕಿಹಾಕ್ಕೊಂಡ್ರು. ಗೆಳತೀರು ಇಬ್ಬರೂ, ಮುದುಕ ಮೂರು ಸಲ ಕೇಳೋ ಹಾಗೆ ಮಾಡೋಣ ಅಂದ್ರು. ನಾನು ಒಪ್ಪಲಿಲ್ಲ. ನೆಲದ ಕೆಳಗೆ ಉಪಚಾರ ಇಲ್ಲ, ಅಮೂ. ತಾತ ಹೇಳ್ತಿದ್ದ ಮಾತಂತೆ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಅಪ್ಪನ ಬಾವಿಗಳಲ್ಲಿ ಅದೊಂದೇ ಕಾನೂನು. ಕೆಳಗೆ ಗಾಳಿ ಕಡಿಮೆ, ಮಾತು ದುಬಾರಿ. ಒಬ್ಬ ಹಗ್ಗ ಕೊಟ್ಟರೆ ಇನ್ನೊಬ್ಬ ಹಿಡಿಯಬೇಕು. ದೀಪ ಕೊಟ್ಟರೆ ತೆಗೆದುಕೊಳ್ಳಬೇಕು. ಅಪ್ಪನ ಕಾಲದಲ್ಲಿ ಇಬ್ಬರು ಸಂಭಾವಿತರು ಒಂದೇ ಹಗ್ಗದ ಮುಂದೆ ನಿಂತು "ನೀವು ಮೊದಲು", "ನೀವು ಮೊದಲು" ಅಂದರಂತೆ. ಕುಸಿದ ಆ ಬಾವಿ ಇಂದಿಗೂ ಮುಚ್ಚಿಕೊಂಡೇ ಇದೆ.

"ಒಂದು ವಿಷಯ ಕೇಳ್ತೀನಿ," ಅಂದಳು ಶೊಕೂಫೆ. "ತಾತ ತೀರಿಕೊಂಡ ನಲವತ್ತನೇ ದಿನ ಏನಾಯ್ತು?"

ಹೇಳಬಾರದೆಂದಿದ್ದೆ, ಹೇಳಿದೆ. ಎಲ್ಲ ನೆಂಟರೆದುರು ಅಣ್ಣ ರಹ್ಮತ್, ನಮ್ಮ ಅಪ್ಪನ ದೀಪ ತಂದು ನನ್ನ ಮುಂದೆ ಚಾಚಿದ. "ತಗೋ, ಇದು ನಿನಗೆ." ನಾನು ಎದೆಯ ಮೇಲೆ ಕೈಯಿಟ್ಟು, "ಛೇ, ನನಗೆಲ್ಲಿಯ ಯೋಗ್ಯತೆ, ನಿನ್ನಲ್ಲೇ ಇರಲಿ" ಅಂದೆ. ಅವನು ದೀಪಕ್ಕೆ ಬಟ್ಟೆ ಸುತ್ತಿ ಎದ್ದು ಹೋದ. ನನ್ನ ಕೈ ಅರ್ಧಕ್ಕೆ ಚಾಚಿಕೊಂಡಿತ್ತು, ಎಲ್ಲರೂ ನೋಡಿದರು. ಕೊಡುವ ಮನಸ್ಸೇ ಇಲ್ಲದೆ ಜನರೆದುರು ಕೊಡುವ ನಾಟಕ ಆಡಿದ. ಅವತ್ತಿನಿಂದ ಮಾತು ಬಿಟ್ಟೆ.

ಶೊಕೂಫೆ ನಗಲಿಲ್ಲ. "ಬಾಬಾ ಹೇಳೋದು ಬೇರೆ. ತಮ್ಮ ಪತ್ರಿಕೆಯವನಾದ, ಅಪ್ಪನ ಮಸಿ ಹಿಡಿದ ದೀಪ ಮನೇಲಿಟ್ಕೊಳ್ಳೋಕೆ ನಾಚಿಕೆಯಾಯ್ತು, ಬೇಡ ಅಂದುಬಿಟ್ಟ ಅಂತಾರೆ. ಅದಕ್ಕೇ ಅವರು ಮಾತು ಬಿಟ್ಟದ್ದು."

ಫಖ್ರಿ ನನ್ನ ಮುಖ ನೋಡಿದಳು. ನಾನು ಕಾಲಿನ ಕಟ್ಟನ್ನು ನೋಡಿದೆ.

ಹೊರಡುವಾಗ ಹುಡುಗಿ ಬಾಗಿಲಲ್ಲಿ ತಿರುಗಿ ಅಂದಳು, "ಮುಂದಿನ ತಿಂಗಳು, ಆಬಾನ್ ಐದಕ್ಕೆ, ಬಾಬಾನ ತೆಹ್ರಾನಿಗೆ ಕರ್ಕೊಂಡು ಹೋಗ್ತೀನಿ. ಶ್ವಾಸಕೋಶದ ಆಪರೇಷನ್. ಒಳಗೆಲ್ಲ ಸುರಂಗದ ಧೂಳು. ಡಾಕ್ಟರು ಅರ್ಧಕ್ಕರ್ಧ ಅಂದಿದ್ದಾರೆ."

ಮೆಹ್ರ್ ೨೩, ಸೋಮವಾರ

ಹಾಸ್ಯ ಬರೆಯಲು ಕೂತೆ. ಬರಲಿಲ್ಲ.

ಮೆಹ್ರ್ ೨೪, ಮಂಗಳವಾರ

ಆಟವನ್ನು ಮೊದಲಿನಿಂದ ಶುರು ಮಾಡಿದೆ. ಗುಡ್ಡೆಗಳು, ಹಗ್ಗ, ನಾಣ್ಯದಷ್ಟು ಬೆಳಕು, ಅಪ್ಪನ ಗೋಡೆ. ಮುದುಕ ದೀಪ ಚಾಚಿದ. ಅಂಗೈ ಒತ್ತಿದೆ. ಒತ್ತುವಾಗ ಕಿವಿ ಬಿಸಿಯಾಯಿತು, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗಿದವನ ಹಾಗೆ.

ಎರಡನೇ ದೀಪ ಏಕೆ ಬೇಕೆಂದು ಆಮೇಲೆ ತಿಳಿಯಿತು. ಒಂದು ದೀಪವನ್ನು ಹಿಂದೆ ನೆಲದ ಮೇಲೆ ಬಿಡಬೇಕು, ಇನ್ನೊಂದನ್ನು ಸ್ವಲ್ಪ ಮುಂದಿಟ್ಟು ಇನ್ನೂ ಮುಂದೆ ಹೋಗಬೇಕು. ತಿರುಗಿ ನೋಡಿದಾಗ ಎರಡೂ ಒಂದೇ ದೀಪದ ಹಾಗೆ ಕಂಡರೆ ದಾರಿ ನೇರ. ಎರಡಾಗಿ ಕಂಡರೆ ದಾರಿ ತಪ್ಪಿದೆ. ಅಪ್ಪ ಬೆಟ್ಟದಿಂದ ಊರಿನವರೆಗೆ ನೀರು ತಂದದ್ದು ಇಷ್ಟೇ ಜ್ಞಾನದಲ್ಲಿ. ನಾನು ಮೂರು ಸಲ ತಪ್ಪಿದೆ. ನಾಲ್ಕನೇ ಸಲ ತಿರುಗಿ ನೋಡಿದಾಗ ಒಂದರ ಹಿಂದೆ ಒಂದು ಅಡಗಿ ಒಂದೇ ಜ್ವಾಲೆ ನಿಂತಿತ್ತು.

ಮುಂದೆ ಸುರಂಗ ತೆರೆದುಕೊಂಡಿತು. ಅದನ್ನು ಹೇಗೆ ಹೇಳಲಿ. ಎರಡು ಕನಾತ್‌ಗಳು ಬಂದು ಕೂಡುವ ಒಂದು ಜಾಗ, ಮಸೀದಿಯ ಗುಮ್ಮಟದಷ್ಟು ಎತ್ತರ. ಮೇಲಿನ ಐದಾರು ಬಾವಿಗಳಿಂದ ಬೆಳಕು ಕಂಬಗಳಾಗಿ ಇಳಿದು ನೀರಿನಲ್ಲಿ ನಿಂತಿತ್ತು. ಒಂದು ಕಂಬದೊಳಗೆ ಬಿಳಿಯ ಚಿಕ್ಕ ಮೀನು ಬಂತು, ಬೆಳಕು ಎಂದರೇನೆಂದು ಗೊತ್ತಿಲ್ಲದ ಮೀನು, ದಾಟಿ ಹೋಯಿತು. ನನ್ನ ಬೆರಳು ಗುಂಡಿಯಿಂದ ತಾನಾಗಿಯೇ ಎದ್ದಿತು. ನಡೆಯುವುದು ಅಪಚಾರವೆನಿಸಿತು.

ಈ ಊರಿನಲ್ಲಿ ಅರವತ್ತೆಂಟು ವರ್ಷ ರೊಟ್ಟಿ ತಿಂದಿದ್ದೇನೆ, ದಿನಾ ಇದರ ಮೇಲೆಯೇ ನಡೆದಿದ್ದೇನೆ.

ಫಖ್ರಿ ದಾಳಿಂಬೆ ಬಿಡಿಸುತ್ತಿದ್ದವಳು, "ಇನ್ನೂ ಸ್ವಲ್ಪ ಹಾಕ್ಲಾ?" ಅಂದಳು. "ಹಾಕು" ಅಂದೆ.

"ಜ್ವರ ಬಂದಿದೆಯಾ ನಿಮಗೆ?" ಎಂದು ಹಣೆ ಮುಟ್ಟಿ ನೋಡಿದಳು. ಹೆಂಗಸರಿಗೆ ಕಾರಣವಿಲ್ಲದ ಗಾಬರಿ.

ಮೆಹ್ರ್ ೨೭, ಶುಕ್ರವಾರ

ಆಟದ ಕೊನೆಗೆ ಬಂದೆ. ಕೊನೆಯ ಬಾವಿಯ ತಳ. ಮೇಲೆ ಹೋಗಲು ಹಗ್ಗವಿಲ್ಲ. ಪರದೆಯ ಮೇಲೆ ಒಂದು ಬಾಯಿಯ ಚಿತ್ರ ಮಿನುಗಿತು. ಒತ್ತಿದೆ.

"ಮೇಲೆ ಯಾರು?"

ರಹ್ಮತ್‌ನ ದನಿ.

ಮುಸುಕಾದ, ಒಂದು ಕಡೆ ಸೀಳಿದ ದನಿ. ಆದರೆ "ಮೇಲೆ" ಎಂಬುದನ್ನು ಎಳೆಯುವ ರೀತಿ ಅದೇ. ಹತ್ತೊಂಬತ್ತರ ಪ್ರಾಯದಲ್ಲಿ ನಾನು ಮೇಲೆ ರಾಟೆಯ ಬಳಿ ಕೂರುತ್ತಿದ್ದೆ, ಅಪ್ಪನೂ ಅವನೂ ಕೆಳಗೆ. ಪ್ರತಿ ಸಂಜೆ ಆ ಕೂಗು ಬಾವಿಯೊಳಗಿಂದ ಏರಿ ಬರುತ್ತಿತ್ತು. ಉತ್ತರಕ್ಕೆ ನಾನು ಕೂಗಬೇಕಾದದ್ದು ಒಂದಿತ್ತು. ಅದು ಕೇಳದೆ ರಹ್ಮತ್ ಸೊಂಟಕ್ಕೆ ಹಗ್ಗ ಬಿಗಿಯುತ್ತಿರಲಿಲ್ಲ. ಎಂಬತ್ತು ಗಜ ಆಳದಿಂದ ಅವನನ್ನು ಎಷ್ಟು ನೂರು ಸಲ ಮೇಲೆಳೆದಿದ್ದೇನೋ.

ಆಟದಲ್ಲಿ ಉತ್ತರ ಬರಲಿಲ್ಲ. ಮತ್ತೆ ಒತ್ತಿದೆ. "ಮೇಲೆ ಯಾರು?" ಪ್ರತಿಧ್ವನಿ ಹೋಗಿ ಹೋಗಿ ಸತ್ತಿತು. ಬಿಳಿ ಬಟ್ಟೆಯ ಮನುಷ್ಯ ತಲೆಯೆತ್ತಿಕೊಂಡೇ ನಿಂತಿದ್ದ.

ಲ್ಯಾಪ್‌ಟಾಪ್ ಮುಚ್ಚಲಾಗಲಿಲ್ಲ. ಅವನನ್ನು ಅಲ್ಲಿ ಬಿಟ್ಟು ಮುಚ್ಚುವುದು ಹೇಗೆ.

ಮೆಹ್ರ್ ೨೯, ಭಾನುವಾರ

ಶೊಕೂಫೆ ಧ್ವನಿ ಹಿಡಿಯುವ ಯಂತ್ರದೊಂದಿಗೆ ಬಂದಳು.

"ಕೊನೇದು ಅಷ್ಟೇ ಬಾಕಿ, ಅಮೂ. ಮೇಲಿನವನ ಕೂಗು. ಬಾಬಾನ ಕೇಳ್ದೆ, ಅದು ನನ್ನ ಕೂಗಲ್ಲ, ಅದು ಗೊತ್ತಿರೋನು ಒಬ್ಬನೇ ಅಂದ್ರು. ನೀವು ಕೊಡ್ತೀರಾ?"

ಕೊಡುವ ಆಸೆ ನನಗಿತ್ತು. ನನ್ನ ಬಾಯಿ, ಅದರ ಪಾಡಿಗೆ, "ಛೇ ಛೇ, ನನ್ನದೊಂದು ಕಂಠವೇ? ಯಾರಾದರೂ ಒಳ್ಳೆ ಹಾಡುಗಾರರನ್ನ ಕರೀಬಾರದೇ" ಅಂದಿತು.

"ಸರಿ" ಅಂದಳು. ಯಂತ್ರ ಚೀಲಕ್ಕೆ ಹಾಕಿಕೊಂಡಳು. ಚಹಾ ಮುಗಿಸಿ ಹೋದಳು.

ಬಾಗಿಲು ಮುಚ್ಚಿದ ಮೇಲೆ ಫಖ್ರಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಒಂದು ಕಾಲು ಆಯ್ತು. ಇನ್ನೊಂದನ್ನ ಯಾವಾಗ ಮುರ್ಕೋತೀರಿ?"

ಮೂವತ್ತೊಂದು ವರ್ಷದಲ್ಲಿ ನನಗೆ ಇಷ್ಟು ಒಳ್ಳೆಯ ಸಾಲು ಒಂದೂ ಹೊಳೆದಿರಲಿಲ್ಲ.

ಆಬಾನ್ ೧, ಮಂಗಳವಾರ

ಬಚ್ಚಲುಮನೆಯಲ್ಲಿ ಕೂಗಿ ನೋಡಿದೆ. ಮಾಳಿಗೆಯ ಮೇಲೆ ಗಾಳಿ ಹಿಡಿಯುವ ಗೋಪುರದಲ್ಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ದನಿ ಇದೆ.

ಆಬಾನ್ ೩, ಗುರುವಾರ

ದೆಹ್ಕಾನ್ ಸಾಹೇಬರು ಬಟ್ಟಲಿನೊಂದಿಗೆ ಖುದ್ದಾಗಿ ದಯಮಾಡಿಸಿದ್ದರು. ಎಂದಿನಂತೆ, "ನನ್ನ ಕಾರು ನಿಮ್ಮದೇ, ಎಲ್ಲಿಗೆ ಹೇಳಿದರೂ ಬಿಡ್ತೀನಿ, ನನ್ನ ಕಣ್ಣಿನ ಮೇಲಿಟ್ಟುಕೊಂಡು" ಅಂದರು.

"ನಾಳೆ ನಾಲ್ಕು ಗಂಟೆಗೆ," ಅಂದೆ. "ನಮ್ಮ ಅಣ್ಣನ ಮನೆಗೆ."

ಅವರ ಬಾಯಿ ತೆರೆದದ್ದು ಹಾಗೇ ಇತ್ತು. ಪಾಪ, ಅವರ ಮುಂದಿನ ಐದು ಸಾಲುಗಳು ಒಳಗೇ ಉಳಿದವು. "ಅಂದರೆ... ಬರ್ತೀರಾ?" ಎಂದು ಕೇಳಿದರು.

ಆಬಾನ್ ೪, ಶುಕ್ರವಾರ

ಬೇಗ ಬರೆದುಬಿಡುತ್ತೇನೆ.

ಅಣ್ಣ ಅಂಗಳದ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್, ಮೂಗಿನ ಕೆಳಗೆ ಕೊಳವೆ. ಇಷ್ಟು ಚಿಕ್ಕವನಾಗಿದ್ದಾನೆಂದು ಯಾರೂ ಹೇಳಿರಲಿಲ್ಲ.

"ಬಂದ್ಯಾ."

"ಬಂದೆ."

"ಕಾಲು?"

"ಮುರೀತು."

"ಗೊತ್ತು. ಹೇಗೆ ಅಂತಾನೂ ಗೊತ್ತು." ತುಟಿಯ ಒಂದು ತುದಿ ಮೇಲೆದ್ದಿತು. "ಊರಿಗೆಲ್ಲ ಗೊತ್ತು."

ಅವನ ಮನೆಯ ಮೂಲೆಯಲ್ಲಿ ಕನಾತಿನ ನೀರಿಗೆ ಇಳಿಯುವ ಮೆಟ್ಟಿಲುಗಳಿವೆ. ಬೇಸಿಗೆಯಲ್ಲಿ ಅಲ್ಲಿಯೇ ಕಲ್ಲಂಗಡಿ ತಂಪಿಗಿಡುತ್ತಿದ್ದೆವು. ಅಣ್ಣ ಸಿಲಿಂಡರನ್ನು ಮಗಳ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಎಂಟು ಮೆಟ್ಟಿಲು ಇಳಿದು ಕೂತ. ಅದಕ್ಕಿಂತ ಕೆಳಗೆ ಅವನಿಂದಾಗಲಿಲ್ಲ. ನನ್ನನ್ನು ದೆಹ್ಕಾನ್ ಸಾಹೇಬರೂ ಫಖ್ರಿಯೂ ಮೇಲಿನ ಮೆಟ್ಟಿಲಲ್ಲಿ ಕೂರಿಸಿದರು, ಕಾಲು ಮುಂದಕ್ಕೆ ಚಾಚಿ. ಯಂತ್ರ ಎಲ್ಲಕ್ಕಿಂತ ಕೆಳಗೆ, ನೀರಿನ ಹತ್ತಿರ.

ಶೊಕೂಫೆ ಕೈ ಎತ್ತಿದಳು.

"ಮೇಲೆ ಯಾರು?"

ಅರ್ಧ ಉಸಿರಿನ ಕೂಗು. ಆದರೆ ಕೆಳಗಿನ ನೀರೂ ಕಲ್ಲೂ ಉಳಿದರ್ಧವನ್ನು ತುಂಬಿಕೊಟ್ಟವು. ಮೇಲೆ ಬರುವಷ್ಟರಲ್ಲಿ ಅದು ಇಪ್ಪತ್ತೈದರ ರಹ್ಮತ್ ಆಗಿತ್ತು. ನನ್ನ ಕೈಗಳು ತಾವಾಗಿಯೇ ಎದ್ದು ಇಲ್ಲದ ರಾಟೆಯನ್ನು ಹಿಡಿದವು.

"ನಾನು. ಹಗ್ಗ ನನ್ನ ಕೈಲಿದೆ."

ಕೊನೆಯಲ್ಲಿ ದನಿ ಒಡೆಯಿತು. ಪ್ರತಿಧ್ವನಿ ಕೆಳಗೆ ಹೋಗಿ, ಸುರಂಗದಲ್ಲಿ ತಿರುಗಿ, ಎಲ್ಲಿಗೋ ಹೊರಟುಹೋಯಿತು.

"ಇನ್ನೊಂದ್ ಸಲ ತಗೊಳ್ಳೋಣ್ವಾ?" ಅಂದಳು ಶೊಕೂಫೆ.

"ಬೇಡ," ಕೆಳಗಿನಿಂದ ಅಣ್ಣ. "ಸರಿಯಾಗಿತ್ತು. ಬಾವೀಲಿ ಎರಡನೇ ಸಲ ಇಲ್ಲ."

ಅವನು ಮೇಲೆ ಬರಲು ಬಹಳ ಹೊತ್ತು ಬೇಕಾಯಿತು. ನನ್ನ ಪಕ್ಕದ ಮೆಟ್ಟಿಲಲ್ಲೇ ಕೂತು ಉಸಿರು ಹುಡುಕಿಕೊಂಡ. ನಾನೇ ಶುರು ಮಾಡಿದೆ. "ಮೂರು ಸಲ ಕೇಳ್ತೀಯ ಅಂದ್ಕೊಂಡಿದ್ದೆ ಅವತ್ತು."

ಅವನು ನನ್ನ ಕಡೆ ತಿರುಗಿದ. "ಮೂರು ಸಲ," ಅಂದ. ನಗು ಕೆಮ್ಮಾಯಿತು, ಕೆಮ್ಮು ನಗುವಾಯಿತು. "ಹೇಳೋದಲ್ವೇನೋ ಕತ್ತೆ."

ಆಮೇಲೆ ಗಲ್ಲದಿಂದ ಗೋಡೆಯ ಮಾಡ ತೋರಿಸಿದ. "ಅಲ್ಲಿದೆ. ತಗೊಂಡ್ಹೋಗು."

ನಾಲಿಗೆ "ಛೇ" ಎನ್ನಲು ಹಲ್ಲಿನವರೆಗೆ ಬಂದಿತ್ತು. ಫಖ್ರಿ ಉಸಿರು ಹಿಡಿದು ನಿಂತಿದ್ದಳು. "ಕೊಡು" ಅಂದೆ.

ಶೊಕೂಫೆ ದೀಪ ತಂದು ಮಡಿಲಲ್ಲಿಟ್ಟಳು. ಇಷ್ಟು ಹಗುರ ಎಂದು ಗೊತ್ತಿರಲಿಲ್ಲ. ಒಳಗೆ ಬತ್ತಿ ಹೊಸದಿತ್ತು. ಹನ್ನೊಂದು ವರ್ಷವೂ ಯಾರೋ ಬತ್ತಿ ಬದಲಿಸುತ್ತಾ ಬಂದಿದ್ದಾರೆ.

ಆಮೇಲೆ ಕೊತ್ತಾಬ್ ಮಿಠಾಯಿ ಬಂತು, ತಿಂದೆ. ಚಹಾ ಬಂತು, ಕುಡಿದೆ. ಕಾರಿನಲ್ಲಿ ಫಖ್ರಿ, "ಒಂದು ಸಲವಾದರೂ ಬೇಡ ಅನ್ನಬಾರದಿತ್ತೇ, ಹಸಿದು ಬಂದೋರ ಹಾಗೆ" ಅಂದಳು. ಏನು ಹೇಳುತ್ತಿದ್ದಾಳೆಂದು ತಿಳಿಯಲಿಲ್ಲ.

ಆಬಾನ್ ೭, ಸೋಮವಾರ

ಶೊಕೂಫೆಯ ಗೆಳತಿಯರು ಪೂರ್ತಿಯಾದ ಆಟ ಕಳಿಸಿದರು. ಕೊನೆಯ ಬಾವಿಗೆ ಬಂದೆ. ಗುಂಡಿ ಒತ್ತಿದೆ. "ಮೇಲೆ ಯಾರು?"

ಮೇಲಿನಿಂದ ನಾನೇ ಉತ್ತರ ಕೊಟ್ಟೆ. ನಾನು ಕೆಳಗೂ ಇದ್ದೆ, ಮೇಲೂ ಇದ್ದೆ. ಹಗ್ಗ ಇಳಿಯಿತು. ಬಿಳಿ ಬಟ್ಟೆಯವನು ಸೊಂಟಕ್ಕೆ ಬಿಗಿದುಕೊಂಡ. ನಕ್ಷತ್ರ, ನಾಣ್ಯ, ಬಟ್ಟಲು, ತಟ್ಟೆ, ಆಮೇಲೆ ಆಕಾಶ. ಅವನು ಮರಳಿನ ಮೇಲೆ ನಿಂತು ಊರಿನ ಕಡೆ ನೋಡಿದ. ದೂರದಲ್ಲಿ, ಒಣಗಿದ ಕಾಲುವೆಯೊಂದರಲ್ಲಿ, ಬೆರಳಗಲದ ನೀರು ಧೂಳನ್ನು ಮುಂದೆ ತಳ್ಳಿಕೊಂಡು ನಿಧಾನಕ್ಕೆ ಬರುತ್ತಿತ್ತು.

ಅಷ್ಟೇ. ಅಂಕವಿಲ್ಲ. ಫಖ್ರಿ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು ಗಂಜಿಯ ಹೊಗೆ ಎಂದಳು. ಒಲೆ ಆರಿತ್ತು.

ಆಪರೇಷನ್ ನಾಳೆ.

ಆಬಾನ್ ೧೦, ಗುರುವಾರ

ಬೆಳಿಗ್ಗೆ ತೆಹ್ರಾನಿನಿಂದ ಫೋನ್. ಮೊದಲು ಶೊಕೂಫೆ: ಒಂದು ಭಾಗ ತೆಗೆದಿದ್ದಾರೆ, ಉಳಿದದ್ದು ಕೆಲಸ ಮಾಡ್ತಿದೆ, ಕಣ್ಣು ಬಿಟ್ಟಿದ್ದಾರೆ. ಆಮೇಲೆ ಏನೋ ಗರಗರ ಸದ್ದು, ಆಮೇಲೆ ಅಣ್ಣನ ದನಿ, ಬಾವಿಯ ತಳದಿಂದ ಬಂದ ಹಾಗೆ.

"ಬಾ."

ಒಂದೇ ಸಲ.

"ಬಂದೆ" ಅಂದೆ. ಸಂಜೆಯ ರೈಲಿಗೆ ಫಖ್ರಿ ಚೀಲ ತುಂಬಿದ್ದಾಳೆ. ಅಪ್ಪನ ದೀಪ ನನ್ನ ಹೊದಿಕೆಯ ಒಳಗಿದೆ. ಆಸ್ಪತ್ರೆಯಲ್ಲಿ ಹಚ್ಚಲು ಬಿಡುವುದಿಲ್ಲ, ಅವನ ಹಾಸಿಗೆಯ ಪಕ್ಕ ಸುಮ್ಮನೆ ಇಡುತ್ತೇನೆ.

ನೋಟುಬುಕ್ಕನ್ನು ಅಡಿಗೆಮನೆಯ ಕಪಾಟಿನಲ್ಲಿ ಬಿಟ್ಟು ಹೋಗುತ್ತಿದ್ದೇನೆ. ಇಲ್ಲದ ಓದುಗರೇ, ಅಕಸ್ಮಾತ್ ಇದ್ದರೆ, ಒಂದು ಉಪಕಾರ. ಇದರ ಪಕ್ಕದಲ್ಲೇ ದೆಹ್ಕಾನ್ ಸಾಹೇಬರ ನೀಲಿ ಬಟ್ಟಲಿದೆ, ದಾಳಿಂಬೆ ತುಂಬಿದೆ, ಕೊಡಲು ಮರೆತೆವು. ತಲುಪಿಸಿಬಿಡಿ. ಅವರು ಮೂರು ಸಲ ಬೇಡ ಎನ್ನುತ್ತಾರೆ, ಹೊಸ್ತಿಲಲ್ಲಿಟ್ಟು ಬಾಗಿಲು ತಟ್ಟಿ ಹೊರಟುಬಿಡಿ. ಮತ್ತು ಹಿಂತಿರುಗುವಾಗ ರೊಟ್ಟಿ ಅಂಗಡಿಯ ಮೂರನೇ ಮೆಟ್ಟಿಲ ಕೆಳಗೆ ಒಂದು ಇಟ್ಟಿಗೆ ಚೂರು ತುರುಕಿ, ಆ ಕಲ್ಲು ಇನ್ನೂ ಅಲ್ಲಾಡುತ್ತಿದೆ.